ಸಾಧು ಮುಖದ ಕೋಶಗಳು

ಮಂಗಳವಾರ, ಮಧ್ಯಾಹ್ನ
ಲ್ಯಾಬಿನಿಂದ

ಪ್ರೀತಿಯ ಚಿಟ್ಟಿ,

ನಾಳೆ ಹೊಲಿಗೆ ಬಿಚ್ಚಿಸಲು ಹೋದಾಗ ಸರ್ಜನ್ ನಿನ್ನ ಕೈಗೆ ರಿಪೋರ್ಟ್ ಕೊಡುತ್ತಾರೆ. ಅದಕ್ಕೂ ಮೊದಲು ಇದನ್ನು ಓದು. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನಾನು ಸರಿಯಾಗಿ ಹೇಳುವವಳಲ್ಲ.

ಕಳೆದ ವಾರ ತೆಗೆದ ಗಂಟು ಕ್ಯಾನ್ಸರ್, ಚಿಟ್ಟಿ. ದವಡೆಯ ಕೆಳಗಿನ ಜೊಲ್ಲುಗ್ರಂಥಿಯದ್ದು. ಎಂಟು ತಿಂಗಳ ಹಿಂದೆ, ಸೂಜಿಯಿಂದ ತೆಗೆದ ಚೂರನ್ನು ನೋಡಿ ಸಾದಾ ಗಂಟು ಎಂದು ಬರೆದುಕೊಟ್ಟವಳು ನಾನೇ. ಇದನ್ನು ಬರೆಯುವಾಗ ಅಳು ಬರುತ್ತಿಲ್ಲ. ನಿನ್ನೆಯಿಂದ ಏನೂ ಬರುತ್ತಿಲ್ಲ. ಊಟ ಮಾಡಿದೆ, ಹನ್ನೊಂದು ರಿಪೋರ್ಟಿಗೆ ಸಹಿ ಹಾಕಿದೆ, ಒಂದು ಸಹಿಯೂ ಅಲುಗಲಿಲ್ಲ.

ಈ ಸಲ ಸ್ಲೈಡ್ ನೋಡಿದ್ದು ನನ್ನ ಜೊತೆಗಿರುವ ಡಾಕ್ಟರಮ್ಮ. ಮನೆಯವರದನ್ನು ಮನೆಯವರೇ ನೋಡಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅವರು ನೋಡಿ ಮುಗಿಸಿ, ಕುರ್ಚಿ ಬಿಟ್ಟು ಎದ್ದು, ನೀವೊಮ್ಮೆ ನೋಡಿಬಿಡಿ ಮೇಡಂ ಎಂದು ಹೇಳಿ ಹೊರಗೆ ಹೋದರು.

ಮೈಕ್ರೋಸ್ಕೋಪಿನ ಮೇಲೆ ಅಷ್ಟು ಹೊತ್ತು ಬಗ್ಗಿಕೊಂಡು ಏನೇ ನೋಡ್ತೀಯ ಎಂದು ಕೇಳುತ್ತಿದ್ದೆಯಲ್ಲ, ಹೇಳುತ್ತೇನೆ. ಬೇರೆ ಕ್ಯಾನ್ಸರಿನ ಕೋಶಗಳು ಎಷ್ಟೋ ಸಲ ನೋಡಿದೊಡನೆ ಸಿಕ್ಕಿಬೀಳುತ್ತವೆ. ಒಂದು ದಪ್ಪ, ಒಂದು ಸೊಟ್ಟ. ನಿನ್ನವು ಹಾಗಿಲ್ಲ. ಸಣ್ಣವು, ಒಂದೇ ಅಳತೆಯವು, ನೇರಳೆ ಬಣ್ಣ ಹೀರಿಕೊಂಡು ಒತ್ತೊತ್ತಾಗಿ ಕೂತಿವೆ. ಮಂಚಕ್ಕೆಷ್ಟು ಕಾಲು ಎಂದರೆ ಮೂರು ಮತ್ತೊಂದು ಎನ್ನುವ ಮಳ್ಳಿಯರು. ಒಂದೊಂದನ್ನೇ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಗುಂಪನ್ನು ನೋಡಬೇಕು. ಗುಂಪಿನ ತುಂಬ ದುಂಡನೆಯ ತೂತುಗಳು, ಹಿಟ್ಟಿನ ಜರಡಿಯ ಹಾಗೆ. ತೂತಿನೊಳಗೆ ತಿಳಿನೀಲಿ ಲೋಳೆ. ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಒಂದು ನರ, ಅದರ ಸುತ್ತಲೂ ಇವೇ ಕೋಶಗಳು.

ಈ ಜಾತಿಯದಕ್ಕೆ ನರವೇ ದಾರಿ. ಮೂರು ತಿಂಗಳ ಹಿಂದೆ ನೀನು ಹೇಳಿದ್ದೆ, ನಾಲಿಗೆಯ ಎಡಗಡೆ ಜೋಮು ಹಿಡಿದಂತಿದೆ, ಚಹಾ ಸುಟ್ಟರೂ ಗೊತ್ತಾಗುತ್ತಿಲ್ಲ ಎಂದು. ನಿನ್ನ ನಾಲಿಗೆ ಅರ್ಧ ಮಲಗಿದರೆ ಮನೆಯವರಿಗೆ ಅಷ್ಟರಮಟ್ಟಿಗೆ ನೆಮ್ಮದಿ ಎಂದು ನಾನು ಗೇಲಿ ಮಾಡಿದೆ. ನೀನೂ ನಕ್ಕೆ. ಕೋಶಗಳು ಆಗಲೇ ನರ ಹಿಡಿದು ಹೊರಟಿದ್ದವು. ಸರ್ಜನ್ ಕತ್ತರಿಸಿದ ಅಂಚಿನಲ್ಲೂ ಅವು ಇವೆ. ಅಂದರೆ ಒಳಗೆ ಇನ್ನೂ ಉಳಿದಿವೆ.

ಅದಕ್ಕೆ ರೇಡಿಯೇಷನ್ ಬೇಕೇಬೇಕು, ಆರೇಳು ವಾರ. ಬಾಯಿ ಹುಣ್ಣಾಗುತ್ತದೆ, ಬಿಟ್ಟು ಎದ್ದು ಬರಬೇಡ. ವರ್ಷಕ್ಕೊಮ್ಮೆ ಎದೆಯ ಸ್ಕ್ಯಾನ್ ಮಾಡಿಸು. ಇದು ನಿಧಾನದ್ದು, ಹತ್ತು ಹದಿನೈದು ವರ್ಷ ಸುಮ್ಮನಿದ್ದು ಶ್ವಾಸಕೋಶದಲ್ಲಿ ತಲೆ ಎತ್ತಬಹುದು. ಐದು ವರ್ಷ ಕಳೆಯಿತು, ಗೆದ್ದೆವು ಎಂದು ಯಾರಾದರೂ ಹೇಳಿದರೆ ನಂಬಬೇಡ. ಎಲ್ಲ ಸ್ಲೈಡುಗಳನ್ನೂ ಬೇರೆ ಆಸ್ಪತ್ರೆಯಲ್ಲಿ ತೋರಿಸು. ಚಿಕ್ಕಂದಿನಿಂದ ಅಕ್ಕ ಹೇಳಿದ್ದೇ ಸರಿ ಎಂದುಕೊಂಡು ಬಂದವಳು ನೀನು. ಇನ್ನು ಅದು ಸಾಕು.

ಅಂದಿನ ಚೂರು ತೀರ ಸಣ್ಣದು, ಯಾರೇ ಆದರೂ ಎಡವುತ್ತಿದ್ದರು ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ನಾನು ತಲೆಯಾಡಿಸಿದೆ.

ನಿನ್ನ
ಅಕ್ಕ

ಮ.ವಿ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಅಂದು ಯಾರಿಗೂ ಹೇಳದೆ ಟ್ರೇಯಿಂದ ನಿನ್ನ ಸ್ಲೈಡನ್ನು ನಾನೇ ಎತ್ತಿಕೊಂಡಿದ್ದೆ. ಗಾಜಿನ ಮೇಲೆ ದಾರದಂಥ ಎರಡು ತುಂಡುಗಳಿದ್ದವು. ಒಂದನ್ನು ನೋಡಿ ಮುಗಿಸುವಷ್ಟರಲ್ಲಿ ನಿನ್ನ ಫೋನು. ಏನೂ ಇಲ್ಲ ಕಣೇ, ಸಾದಾ ಗಂಟು, ಆರಾಮಾಗಿರು ಎಂದೆ. ನೀನು ಸಂತೋಷಕ್ಕೆ ಅತ್ತುಬಿಟ್ಟೆ. ನಿನ್ನ ಹಿಂದೆ ಮಕ್ಕಳು ಕೂಗಿ ಕುಣಿದದ್ದೂ ಕೇಳಿಸಿತು. ಫೋನಿಟ್ಟು ಸ್ಲೈಡನ್ನು ಎರಡನೆಯ ತುಂಡಿಗೆ ಸರಿಸಿದೆ. ಅದರ ತುದಿಯಲ್ಲಿ ಐದಾರು ತೂತುಗಳಿದ್ದವು. ನನಗೆ ಕಂಡವು, ಚಿಟ್ಟಿ. ಸ್ಲೈಡ್ ತೆಗೆದು ಪೆಟ್ಟಿಗೆಯಲ್ಲಿಟ್ಟು, ಫೋನಿನಲ್ಲಿ ಹೇಳಿದ್ದನ್ನೇ ರಿಪೋರ್ಟಿನಲ್ಲಿ ಬರೆದೆ.