ಆಮ್ನಾ ತೆಗೆದ ದೃಷ್ಟಿ

ನಂಜನಗೂಡು

ಅಮ್ಮಾ,

ಸಂಜೆ ಏಳಕ್ಕೆ ಕಣ್ಣು ಹತ್ತಿತ್ತಷ್ಟೆ, ಪಾಪು ಕಿರುಚಿ ಎಬ್ಬಿಸಿತು. ಏನು ಮಾಡಿದರೂ ಸುಮ್ಮನಾಗಲಿಲ್ಲ. ಆಗ ಮಹಡಿಯಿಂದ ಆಮ್ನಾ ಉಪ್ಪು, ಮೆಣಸಿನಕಾಯಿ ಹಿಡಿದು ಇಳಿದಳು. ಸುಡಾನಿನ ಯುದ್ಧದಿಂದ ಓಡಿಬಂದವಳ ಕಣ್ಣು ಮಗುವಿಗೆ ತಾಗುತ್ತದೆಂದು ಜಗಳವಾಡಿ ನರಸೀಪುರಕ್ಕೆ ಹೋದೆಯಲ್ಲ, ಅವಳೇ. ಬಂದ ಹೊಸದರಲ್ಲಿ ಶೂ ಹಾಕಿಕೊಂಡೇ ಮಲಗುತ್ತಿದ್ದವಳು ಇವತ್ತು ಬರಿಗಾಲಲ್ಲಿದ್ದಳು. ಥೇಟ್ ನಿನ್ನ ಹಾಗೇ ನಿವಾಳಿಸಿದಳು: "ನಾಯಿ ಕಣ್ಣು, ನರಿ ಕಣ್ಣು, ಮ್ಯಾಗಳ ಮನೆ ಆಮ್ನಾ ಕಣ್ಣು, ಎಲ್ಲಾ ಓಗ್ಲಿ, ಥೂ!"

ಅಂದರೆ ನಿನ್ನ ಮಾತು ಅವಳಿಗೆ ಕೇಳಿಸಿತ್ತು.

ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಅನ್ನುತ್ತಿದ್ದೆಯಲ್ಲ ನೀನು. ಅವಳು ನಿವಾಳಿಸಿದ್ದನ್ನು ಬೆಂಕಿಗೆ ಹಾಕಿದ್ದೇ ತಡ, ಇಬ್ಬರೂ ಕೆಮ್ಮಿ ಕೆಮ್ಮಿ ಸುಸ್ತಾದೆವು. "ಘಾಟು ಬಂತು! ನನ್ ಕಣ್ದು ತಪ್ಪಿಲ್ಲ, ಅವ್ವಂಗೆ ಯೋಳಕ್ಕಾ" ಎಂದು ಕುಣಿದಳು. ಪಾಪು ಅವಳ ಹೆಗಲ ಮೇಲೆ ನಿದ್ದೆಹೋಯಿತು.

ಇದನ್ನು ಕಳಿಸುವ ಧೈರ್ಯ ನನಗಿಲ್ಲ. ಆದರೂ ಹೇಗೋ ಗೊತ್ತಾದವಳಂತೆ ಬೆಳಗಾಗುವುದರೊಳಗೆ ಫೋನ್ ಮಾಡಮ್ಮ. ನನ್ನ ಹತ್ತಿರ ಬೇಡ, ಅವಳ ಹತ್ತಿರ ಮಾತಾಡು.