ಪೆನ್ಸಿಲು ಮಗುವಿನದು

ಗೌರಿಬಿದನೂರು
ಫೆಬ್ರವರಿ ೩೦, ೨೧೯೪

ಮಕ್ಕಳನ್ನು ಟ್ಯೂಷನ್ನಿಗೆ ಕಳಿಸುವ ಹಿರಿಯರಿಗೆ,

ಈ ತಾರೀಖು ನಿಮ್ಮಲ್ಲಿಲ್ಲ ಎಂದು ಗೊತ್ತು. ನಮ್ಮವರು ಆ ಕುಂಟು ತಿಂಗಳಿಗೆ ಎರಡು ದಿನ ಸೇರಿಸಿ ನೆಟ್ಟಗೆ ಮಾಡಿದರು. ಹೇಗೆ ಏನು ಅಂತ ನನ್ನನ್ನು ಕೇಳಬೇಡಿ, ನಾನು ಮೂರನೇ ತರಗತಿಗೇ ಶಾಲೆ ಬಿಟ್ಟವಳು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಮನ್ನಿಸಿ. ನಿಮ್ಮ ಕಾಲದ ಕಾಗದಗಳನ್ನು ಓದಿಸಿಕೊಂಡಾಗ ನನಗೂ ಅರ್ಧ ತಿಳಿಯಲಿಲ್ಲ. ಅಲ್ಲಿಗಲ್ಲಿಗೆ ಸರಿಹೋಯಿತು.

ನಮ್ಮಲ್ಲಿ ಪಾಠ ಹೇಳುವುದು ಕಲಿಪೆಟ್ಟಿಗೆ. ತೆಂಗಿನಕಾಯಿಯಷ್ಟು ದೊಡ್ಡ, ಮಾತಾಡುವ ಯಂತ್ರ. ಮಗುವಿಗೊಂದರಂತೆ ಮನೆಮನೆಯಲ್ಲೂ ಇದೆ. ಯಾವ ಮಗು ಎಲ್ಲಿ ಎಡವುತ್ತದೆ ಎಂದು ಅದಕ್ಕೆ ಗೊತ್ತು. ಬೈಯುವುದಿಲ್ಲ, ಆಕಳಿಸುವುದಿಲ್ಲ, ತಪ್ಪಾದರೂ ತಪ್ಪು ಅನ್ನದೆ ‘ಇನ್ನೊಂದು ದಾರಿ ನೋಡೋಣ’ ಎನ್ನುತ್ತದೆ. ಅದರ ಮೇಲೆ ನನಗೇನೂ ದೂರಿಲ್ಲ. ಆದರೆ ಒಂದು ತಲೆಮಾರಿನ ಮಕ್ಕಳು ಪೆಟ್ಟಿಗೆಯ ಮುಂದೆ ಎಲ್ಲ ಬಲ್ಲವರಾಗಿ, ಮನುಷ್ಯರ ಮುಂದೆ ಮೂಗರಾಗಿ ಬೆಳೆದರು. ಆಮೇಲೆ ಊರಿನವರು ಎಚ್ಚೆತ್ತು ಪಕ್ಕದಾಳಿನ ಪದ್ಧತಿ ತಂದರು. ಸಂಜೆ ಹೊತ್ತು ಒಂದೊಂದು ಮಗುವಿನ ಪಕ್ಕ ಒಬ್ಬೊಬ್ಬ ದೊಡ್ಡವರು ಕೂರಬೇಕು. ಆಗ ಪೆಟ್ಟಿಗೆ ಮಾತಾಡುವುದಿಲ್ಲ. ಮಗುವಿನ ಉತ್ತರ ಸರಿಯಾದರೆ ಪಕ್ಕದಾಳಿಗೆ ಮಾತ್ರ ಕಾಣುವಂತೆ ಹಸಿರು ದೀಪ ಹತ್ತುತ್ತದೆ. ಹೇಳಬೇಕಾದವರು ನಾವು.

ಪೆನ್ಸಿಲು ಮಗುವಿನದು. ಪಕ್ಕದಾಳು ಅದನ್ನು ಮುಟ್ಟಿದರೆ ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ದೊಡ್ಡವರ ಕೈಗೆ ತುರಿಕೆ ಜಾಸ್ತಿ. ಮಗು ಒಂದು ಗಳಿಗೆ ಯೋಚಿಸಿದರೆ ಸಾಕು, ಕಿತ್ತುಕೊಂಡು ತಾವೇ ಬರೆದುಬಿಡುತ್ತಾರೆ. ಅದಕ್ಕೇ ನಮ್ಮ ಮುಂದೆ ನೆನೆಸಿದ ಅವರೆಕಾಳಿನ ಬೋಗುಣಿ ಇಡುತ್ತಾರೆ. ಮಗು ಲೆಕ್ಕ ಮಾಡುವಷ್ಟು ಹೊತ್ತೂ ನಾವು ಕಾಳಿನ ಸಿಪ್ಪೆ ಹಿತುಕುತ್ತಾ ಕೂರಬೇಕು. ಒದ್ದೆ ಕೈಯಲ್ಲಿ ಪೆನ್ಸಿಲು ಹಿಡಿಯಲು ಯಾರಿಗೂ ಮನಸ್ಸಾಗುವುದಿಲ್ಲ. ಊರಿನವರ ರಾತ್ರಿ ಸಾರಿಗೂ ದಾರಿಯಾಗುತ್ತದೆ.

ನನ್ನ ಪಾಲಿಗೆ ಬಂದವಳು ಪಿನಾಕಿನಿ, ಒಂಬತ್ತು ವರ್ಷದವಳು. ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ತಿಮ್ಮರಾಯನ ಮಗಳು. ನಮ್ಮಲ್ಲಿ ಕೆರೆಯ ನೀರು ಹಂಚುವ ದಿನ ಮಕ್ಕಳು ಏರಿಯ ಮೇಲೆ ನಿಂತು, ಊರವರು ಕೇಳಿದ ಒಂದು ಲೆಕ್ಕವನ್ನು ಬಾಯಿಬಿಟ್ಟು ಬಿಡಿಸಬೇಕು. ಹೋದ ವರ್ಷ ಈ ಹುಡುಗಿ ತುಟಿ ಎರಡು ಮಾಡದೆ ಇಳಿದು ಬಂದಿದ್ದಳು. ಈ ಸಲವೂ ಹಾಗಾದರೆ ಮಗಳು ಇನ್ನೆಂದೂ ಜನರೆದುರು ಮಾತಾಡಲಾರಳು ಎಂಬ ಭಯ ತಿಮ್ಮರಾಯನಿಗೆ. ಮೊದಲ ದಿನವೇ ಬಾಗಿಲಲ್ಲಿ ನಿಂತು, “ಅಜ್ಜಿ, ನಿನ್ ಬಾಯಿ ಊರಿಗೆಲ್ಲ ಗೊತ್ತು. ಸ್ವಲ್ಪ ಮೆತ್ತಗೆ,” ಅಂದ.

“ಮೆತ್ತಗಿರೋದು ಬೇಕಾದ್ರೆ ಮುದ್ದೆ ಪಕ್ಕ ಕೂರ್ಸು, ಹೋಗು,” ಅಂದೆ. ಹೋದ.

ಮೊದಲ ಕೆಲವು ದಿನ ನನ್ನ ಬೋಗುಣಿ ಬೇಗ ಬೇಗ ಖಾಲಿಯಾಯಿತು. ಈ ಸಲ ಅತ್ತೆಯ ಕೈ ಚುರುಕಾಗಿದೆ ಎಂದು ಸೊಸೆ ಹೊಗಳಿದಳು. ನಾನೂ ಉಬ್ಬಿದೆ. ಆಮೇಲೆ ನೋಡಿದರೆ ನನ್ನ ಬೋಗುಣಿಯಲ್ಲಿ ಇನ್ನೊಂದು ಪುಟ್ಟ ಕೈ. ಹಲಗೆಯ ಮೇಲೆ ಒಂದು ಗೆರೆಯೂ ಇಲ್ಲ.

“ಏನೇ ಇದು? ಲೆಕ್ಕ ಎಲ್ಲಿ?”

“ಕಾಳು ತಪ್ಪಾಗಲ್ಲ ಅಜ್ಜಿ,” ಅಂದಳು.

ಬೋಗುಣಿಯನ್ನು ನನ್ನ ಕಡೆಗೆ ಎಳೆದುಕೊಂಡು, “ಬರಿ,” ಅಂದೆ. ಬರೆದಳು. ದೀಪ ಹತ್ತಲಿಲ್ಲ. “ತಪ್ಪು,” ಅಂದೆ. ಮನುಷ್ಯರ ಬಾಯಿಂದ ಆ ಮಾತು ಅವಳು ಕೇಳಿದ್ದೇ ಅಪರೂಪವಿರಬೇಕು. ಕತ್ತು ಒಳಗೆಳೆದುಕೊಂಡು, ನಾನು ಎದ್ದು ಹೋಗುತ್ತೇನೋ ಎಂದು ನೋಡಿದಳು. ನಾನು ಇನ್ನೊಂದು ಕಾಳು ಹಿತುಕಿದೆ.

“ಸಿಟ್ಟು ಬಂತಾ ಅಜ್ಜಿ?”

“ಸಿಟ್ಟು ನಂಗೆ ಹುಟ್ಟಿದಾಗ್ಲಿಂದ ಇದೆ ಕಣೇ. ನಿನ್ ಲೆಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಳಿಸಿ ಮಾಡು.”

ನಕ್ಕಳು. ಅಳಿಸಿದಳು. ಅವತ್ತಿನಿಂದ ನಮ್ಮಿಬ್ಬರಿಗೂ ಕೂಡಿಬಂತು. ಆಕೆ ತಪ್ಪು ಮಾಡುವುದು, ನಾನು ತಪ್ಪು ಅನ್ನುವುದು, ಆಕೆ ಮತ್ತೆ ಮಾಡುವುದು. ಸುಮ್ಮಸುಮ್ಮನೆ ಭೇಷ್ ಅನ್ನಲಿಲ್ಲ. ಹಸಿರು ಹತ್ತಿದಾಗ “ಸರಿ” ಅಂದೆ, ಅಷ್ಟಕ್ಕೇ ಅವಳ ಮುಖ ಅರಳುತ್ತಿತ್ತು. ಹಾಗೆ ಅರಳುವುದನ್ನು ನೋಡಲೆಂದೇ ನಾನು ಮಧ್ಯಾಹ್ನದಿಂದ ಹೊತ್ತು ಎಣಿಸತೊಡಗಿದೆ ಎಂಬುದನ್ನು ಅವಳಿಗೆ ಹೇಳಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾಳೆ.

ನೀರು ಹಂಚುವ ದಿನ ಬಂತು. ಏರಿಯ ತುಂಬ ಜನ. ಲೆಕ್ಕ ಹೀಗಿತ್ತು: ಕೆರೆ ಮುಕ್ಕಾಲು ತುಂಬಿದೆ, ಇರುವ ನೀರಿನಲ್ಲಿ ಮೂರನೇ ಒಂದು ಪಾಲು ದನಕರುಗಳಿಗೆ ಬಿಟ್ಟರೆ, ಉಳಿದದ್ದು ತುಂಬಿದ ಕೆರೆಯ ಎಷ್ಟು ಪಾಲು? ಪಿನಾಕಿನಿ ಸುಮ್ಮನೆ ನಿಂತಳು. ಜನ ಕೆಮ್ಮಿದರು. ತಿಮ್ಮರಾಯ ನೆಲ ನೋಡಿದ. ನನ್ನ ಹಿಂದಿನಿಂದ ಯಾರೋ, “ಪಾಪ, ಇಳಿಸ್ರಪ್ಪ ಮಗೂನ,” ಅಂದರು. ಹಿಡಿದುಕೊಳ್ಳಲು ಅಲ್ಲಿ ನನ್ನ ಕೈಗೆ ಏನೂ ಇರಲಿಲ್ಲ. ಸೆರಗನ್ನೇ ಹಿಂಡಿದೆ.

ಆಗ ಅವಳು ಊರಿಗೆ ಊರನ್ನೇ ನೋಡಿ, “ಸ್ವಲ್ಪ ಇರಿ. ಯೋಚ್ನೆ ಮಾಡ್ತಾ ಇದ್ದೀನಿ,” ಅಂದಳು.

ಊರು ಇತ್ತು. ನಮ್ಮೂರಿನಂಥ ಊರು, ಬಾಯಿ ಮುಚ್ಚಿಕೊಂಡು ಒಂದು ಮಗುವಿಗಾಗಿ ನಿಂತಿತು. ಅವಳು ಬೆರಳಿನಿಂದ ಗಾಳಿಯಲ್ಲಿ ಮುಕ್ಕಾಲನ್ನು ಮೂರು ಕಾಲುಗಳಾಗಿ ಒಡೆದಳು, ಒಂದನ್ನು ತೆಗೆದಳು, ಉಳಿದ ಎರಡನ್ನು ಕೂಡಿಸಿ “ಅರ್ಧ” ಅಂದಳು. ಯಾಕೆ ಅರ್ಧ ಅಂತಲೂ ಬಿಡಿಸಿ ಹೇಳಿದಳು. ತಿಮ್ಮರಾಯ ತೂಬು ಎತ್ತಲು ಹೋದವನು ಕಣ್ಣು ಒರೆಸಿಕೊಳ್ಳುತ್ತಾ ತಪ್ಪು ಕಡೆಗೆ ನಡೆದ.

ಇಷ್ಟು ಹೇಳಲಿಕ್ಕೇ ಬರೆಸಿದೆ. ಟ್ಯೂಷನ್ನಿಗೆ ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಮಗು ಉತ್ತರಕ್ಕೆ ತಡವರಿಸುವಾಗ ಪಕ್ಕದಲ್ಲಿ ಕೂತವರು ಯಾರು, ಅವರು ಏನು ಮಾಡುತ್ತಾರೆ ಎಂದು ಒಮ್ಮೆ ನೋಡಿ. ನಿಮ್ಮ ಮಕ್ಕಳೇ ನಮ್ಮ ಮುತ್ತಜ್ಜ, ಮುತ್ತಜ್ಜಿಯರು. ಅವರೊಳಗೆ ನೀವು ಇಟ್ಟ ಹೆದರಿಕೆ ಕೈಯಿಂದ ಕೈಗೆ ದಾಟಿ ನಮ್ಮ ಏರಿಯವರೆಗೂ ಬಂದಿದೆ, ಕಣ್ಣಾರೆ ಕಂಡಿದ್ದೇನೆ. ಅವರಿಗಾಗಿ ನೀವು ಕಾದರೆ ಆ ತಾಳ್ಮೆಯೂ ನಮ್ಮವರೆಗೆ ಬರುತ್ತದೆ. ಮಗು ‘ಸ್ವಲ್ಪ ಇರು’ ಅಂದರೆ, ಇರಿ.

ಮುನಿಲಕ್ಷ್ಮಮ್ಮ
ಪಿನಾಕಿನಿಯ ಪಕ್ಕದಾಳು