ತಮ್ಮ ಬೀರುವಿನಲ್ಲಿ ಹನ್ನೊಂದು ತಿಂಗಳಿಂದ ನಿಂತಿರುವ ಗೊಂಬೆ

ಬೀರುವಿನ ಬೀಗದ ಕೈಯನ್ನು ತಮ್ಮ ಕಚೇರಿಯ ವಶದಲ್ಲಿಟ್ಟುಕೊಂಡಿರುವ ಮಾನ್ಯ ಭೂಸ್ವಾಧೀನ ಅಧಿಕಾರಿಗಳೇ,

ತಮ್ಮ ಕಚೇರಿಯ ಎರಡನೇ ಕೋಣೆಯಲ್ಲಿ, ಕಿಟಕಿಯ ಎಡಕ್ಕೆ, ಕಬ್ಬಿಣದ ಬೀರುವೊಂದಿದೆ. ಅದರ ಹಿಡಿಕೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಲಾಗಿದೆ. ಒಳಗೆ ಒಂದು ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ಹೆಬ್ಬೆರಳಿನಷ್ಟು ಎತ್ತರದ ಒಂದು ಮರದ ಗೊಂಬೆ. ಆ ಗೊಂಬೆ ತಮ್ಮದಲ್ಲ. ಕಳೆದ ವರ್ಷ ಮಾರ್ಚ್ ಏಳನೇ ತಾರೀಖಿನಿಂದ ಅದು ಅಲ್ಲಿಯೇ ಇದೆ. ಅದನ್ನು ವಾಪಸು ಕೊಡಿ ಎಂದು ನಾಲ್ಕು ಅರ್ಜಿ ಬರೆದೆ, ಆರು ಸಲ ಖುದ್ದಾಗಿ ಬಂದೆ. ಈ ಐದನೆಯ ಪತ್ರವೂ ತಮ್ಮ ತಪಾಲು ವಿಭಾಗದಲ್ಲಿ ಮಲಗಬಾರದೆಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ಚನ್ನಪಟ್ಟಣದಲ್ಲಿ ನಿವೃತ್ತನಾದವನು. ಒಂದು ವಸ್ತು ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು, ಯಾರ ಕೈಯಲ್ಲಿ ನಿಂತಿತು ಎಂಬುದನ್ನು ದಿನಾಂಕದ ಸಮೇತ ಹೇಳುವುದು ನನ್ನ ವೃತ್ತಿಯಾಗಿತ್ತು. ಆದ್ದರಿಂದ ಮೊದಲು ಸಂಗತಿಗಳನ್ನು ಹೇಳುತ್ತೇನೆ. ಕೋಪ ತಾನಾಗಿಯೇ ಹಿಂದೆ ಬರುತ್ತದೆ.

ಜಿಯೋಕ್ಯಾಶಿಂಗ್ ಎಂಬ ಒಂದು ಆಟವಿದೆ. ಅದನ್ನು ಆಡುವವರು ಒಂದು ಡಬ್ಬಿಯನ್ನು ಎಲ್ಲಾದರೂ ಮರೆಯಲ್ಲಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿನಲ್ಲಿ ಪ್ರಕಟಿಸುತ್ತಾರೆ. ಬೇರೆಯವರು ಉಪಗ್ರಹದ ನೆರವಿನಿಂದ ಜಾಗ ತೋರಿಸುವ ಸಣ್ಣ ಯಂತ್ರ ಹಿಡಿದು ಬಂದು ಡಬ್ಬಿಯನ್ನು ಹುಡುಕಿ, ಅದರಲ್ಲಿರುವ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲಿಯೇ ಇಟ್ಟು ಹೋಗುತ್ತಾರೆ. ಕೆಲವು ಡಬ್ಬಿಗಳಲ್ಲಿ ಪ್ರಯಾಣದ ವಸ್ತುಗಳಿರುತ್ತವೆ. ಅವಕ್ಕೆ ಸಂಖ್ಯೆ ಕೊರೆದ ಲೋಹದ ಬಿಲ್ಲೆ ಕಟ್ಟಿರುತ್ತದೆ. ಅಂಥದ್ದು ಸಿಕ್ಕವರು ಅದನ್ನು ತೆಗೆದುಕೊಂಡು ಹೋಗಬಹುದು, ಆದರೆ ಇಟ್ಟುಕೊಳ್ಳುವಂತಿಲ್ಲ. 'ನನ್ನ ಕೈಯಲ್ಲಿದೆ' ಎಂದು ದಾಖಲಿಸಿ, ಸುಮಾರು ಎರಡು ವಾರದೊಳಗೆ ಮತ್ತೊಂದು ಡಬ್ಬಿಗೆ ಹಾಕಬೇಕು. ಇದಕ್ಕೆ ಕಾಯಿದೆಯಿಲ್ಲ, ದಂಡವಿಲ್ಲ, ಮೊಹರಿಲ್ಲ. ಬರೀ ಮರ್ಯಾದೆಯ ಮೇಲೆ ನಡೆಯುತ್ತದೆ. ತಮ್ಮ ಕಚೇರಿಯಲ್ಲಿ ಕಾಯಿದೆ, ದಂಡ, ಮೊಹರು ಮೂರೂ ಇವೆ ಎಂಬುದನ್ನು ನಾನು ಬಲ್ಲೆ.

ಇನ್ನು ಗೊಂಬೆಯ ವಿಚಾರ. ಚನ್ನಪಟ್ಟಣದ ನಮ್ಮ ಪಕ್ಕದ ಬೀದಿಯಲ್ಲಿ ಅಸ್ಗರ್ ಸಾಹೇಬರು ನಲವತ್ತು ವರ್ಷ ಆಟಿಕೆ ಮಾಡಿದರು. ಹಾಲೆ ಮರವನ್ನು ಲೇತಿಗೆ ಕೊಟ್ಟು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವ ಕೆಲಸ. ಬೀದಿಯವರೆಲ್ಲ ಅರಗಿಗೆ ರಾಸಾಯನಿಕ ಬಣ್ಣ ಬೆರೆಸತೊಡಗಿದ ಮೇಲೂ ಇವರು ಅರಿಸಿನ, ನೀಲಿಗಿಡ, ಮಂಜಿಷ್ಠದ ಬೇರು ಎಂದು ಹಟ ಹಿಡಿದಿದ್ದರು. "ಸಾಬ್ರೆ, ಗಿಡದ ಬಣ್ಣ ಬಿಸ್ಲಿಗೆ ಒಂದ್ ವರ್ಷ ನಿಲ್ಲಕಿಲ್ಲ" ಎಂದು ವ್ಯಾಪಾರಿಯೊಬ್ಬ ಅವರ ಅಂಗಳದಲ್ಲೇ ನಿಂತು ನಕ್ಕುಹೋದ. ಅದೇ ವಾರ ಸಾಹೇಬರು ಒಂದೇ ಮರದಿಂದ ಎರಡು ಗೊಂಬೆ ಕಡೆದರು. ಎರಡಕ್ಕೂ ಕೆಂಪು, ಹಳದಿ, ಹಸಿರು, ನೀಲಿ, ನಾಲ್ಕು ಪಟ್ಟೆ. ಪಟ್ಟೆಪಟ್ಟೆಗೂ ಬೇರೆ ಪಾಕ. ಒಂದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಇನ್ನೊಂದನ್ನು ಲೋಕದ ಬಿಸಿಲಿಗೆ ಕಳಿಸಬೇಕೆಂದರು. ಅವರ ಮಗಳು ಅಸ್ರಾ ಕಂಪ್ಯೂಟರ್ ಕಲಿತಿದ್ದಳು. ಈ ಆಟವನ್ನು ಹುಡುಕಿ ತೆಗೆದವಳು ಅವಳೇ. ಆಟಿಕೆ ಕೊಳ್ಳಲು ಬಂದ ಪರದೇಶದ ಹೆಂಗಸಿನಿಂದ ಬಿಲ್ಲೆ ತರಿಸಿ, ೨೦೦೩ರ ಜನವರಿಯಲ್ಲಿ ಅದೇ ಹೆಂಗಸಿನ ಕೈಯಲ್ಲಿ ಗೊಂಬೆಯನ್ನು ಬೀಳ್ಕೊಟ್ಟೆವು. ಇಂಟರ್ನೆಟ್ಟಿನಲ್ಲಿ ಅದಕ್ಕೆಂದೇ ತೆರೆದ ಪುಟದಲ್ಲಿ ಬರೆದ ಕೋರಿಕೆ ಇಷ್ಟೇ: ನಿಮ್ಮ ಕೈಯಲ್ಲಿರುವಷ್ಟು ದಿನ ಇದನ್ನು ಕಿಟಕಿಯ ಹೊರಗೆ ಕಟ್ಟಿ, ಐದು ವರ್ಷ ಬಿಸಿಲು, ಹಿಮ ಕಂಡ ಮೇಲೆ ಮನೆಗೆ ಕಳಿಸಿ.

ಅಧಿಕಾರಿಗಳೇ, ಏಳು ದೇಶಗಳ ಇಪ್ಪತ್ತಮೂರು ಜನ ಈ ಕೋರಿಕೆಯನ್ನು ನಡೆಸಿಕೊಟ್ಟರು. ಇವರಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಯಾರಿಗೂ ಚನ್ನಪಟ್ಟಣ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಒಬ್ಬಾತ ಸೈಕಲ್ಲಿನ ಹಿಡಿಗೆ ಕಟ್ಟಿಕೊಂಡು ಎರಡು ತಿಂಗಳು ಸುತ್ತಿಸಿದ. ಮತ್ತೊಬ್ಬ ಐದು ತಿಂಗಳು ಸದ್ದಿಲ್ಲದೆ ಇಟ್ಟುಕೊಂಡ. ಅಸ್ರಾ ಅವನಿಗೆ ಬೈದು ಬರೆಯಲು ಹೊರಟಳು. ನಾನು ತಡೆದೆ. ಈ ಆಟದಲ್ಲಿ ಮೊದಲು ಸಂದೇಹದ ಲಾಭ ಕೊಡಬೇಕು, ಮೃದುವಾಗಿ ಕೇಳಬೇಕು, ಒಂದು ತಿಂಗಳು ಬಿಟ್ಟು ಮತ್ತೆ ಕೇಳಬೇಕು. ಮೂರನೇ ಓಲೆಗೆ ಉತ್ತರ ಬಂತು. ಹೆಂಡತಿ ಆಸ್ಪತ್ರೆಯಲ್ಲಿದ್ದಳಂತೆ, ಕ್ಷಮೆ ಕೇಳಿದ್ದ. ಮರುವಾರ ಗೊಂಬೆ ಮುಂದಕ್ಕೆ ಹೋಗಿತ್ತು. ತಮ್ಮ ವಿಷಯದಲ್ಲೂ ಇದೇ ಮರ್ಯಾದೆ ಪಾಲಿಸಿದೆ. ತಮ್ಮ ಮನೆಯಲ್ಲೂ ಯಾರಿಗೋ ಹುಷಾರಿಲ್ಲದಿರಬಹುದೆಂದು ಎರಡನೇ ಅರ್ಜಿಗೂ ಮೂರನೇ ಅರ್ಜಿಗೂ ನಡುವೆ ಮೂರು ತಿಂಗಳು ಕಾದೆ. ಎಲ್ಲರೂ ಆರೋಗ್ಯವಾಗಿದ್ದಾರೆಂದು ಆಮೇಲೆ ತಿಳಿದು ಸಂತೋಷವಾಯಿತು.

೨೦೦೮ರ ಫೆಬ್ರವರಿ ಕೊನೆಗೆ ಬಿಡದಿಯ ಕಾರ್ಖಾನೆಯೊಂದಕ್ಕೆ ಬಂದಿದ್ದ ವಿದೇಶಿ ಎಂಜಿನಿಯರೊಬ್ಬರು ಗೊಂಬೆಯನ್ನು ಬೈರಮಂಗಲದ ಡಬ್ಬಿಗೆ ಹಾಕಿ ಊರಿಗೆ ಹೋದರು. ಆ ಡಬ್ಬಿ ನಾನಿಟ್ಟದ್ದು. ಬೆಂಗಳೂರಿನ ಕೊಳೆನೀರಿಗೆ ನೊರೆಯೇಳುವ ಅಲ್ಲಿನ ಕೆರೆಯ ಬದಿಯ ಕೆಂಪಯ್ಯ ಎಂಬ ರೈತರ ಹೊಲದ ಬದುವಿನಲ್ಲಿ, ಅವರನ್ನು ಕೇಳಿಯೇ, ಒಂದು ಚಪ್ಪಡಿಯ ಕೆಳಗೆ ಇಟ್ಟಿದ್ದೆ. ಅಲ್ಲಿಂದ ಚನ್ನಪಟ್ಟಣಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ಭಾನುವಾರ ಅಸ್ಗರ್ ಸಾಹೇಬರನ್ನೇ ಕರೆದುಕೊಂಡು ಹೋಗಿ ತೆಗೆಯೋಣವೆಂದು ನಿಶ್ಚಯಿಸಿದ್ದೆವು. ಕೈಗಾರಿಕಾ ಪ್ರದೇಶದ ವಿಸ್ತರಣೆಗೆ ಹೊಲ ಅಳೆಯಲು ತಮ್ಮ ಸರ್ವೆ ತಂಡ ಬಂದದ್ದು ಅದಕ್ಕೆ ಮುಂಚಿನ ಗುರುವಾರ.

ಇಲ್ಲಿ ನನ್ನದೊಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಪ್ಯಾಂಟು ಟೋಪಿ ಹಾಕಿದವರು ದೂರದಿಂದ ಬರುವುದು, ಬದುವಿನ ಮುಂದೆ ಮಂಡಿಯೂರುವುದು, ಡಬ್ಬಿ ತೆಗೆದು ಸಂತೋಷಪಟ್ಟು, ಏನೋ ಬರೆದು, ಮಣಿಯನ್ನೋ ಗುಂಡಿಯನ್ನೋ ಒಳಗೆ ಹಾಕಿ ಮತ್ತೆ ಮುಚ್ಚುವುದು, ಇದನ್ನೆಲ್ಲ ಕೆಂಪಯ್ಯನವರ ಹೆಂಡತಿ ಸಿದ್ದಮ್ಮನವರು ನಾಲ್ಕು ವರ್ಷದಿಂದ ನೋಡುತ್ತಿದ್ದರು. ಅವರು ಪ್ರತಿ ಶುಕ್ರವಾರ ಡಬ್ಬಿಗೆ ಅರಿಸಿನ ಕುಂಕುಮ ಹಚ್ಚಿ ಒಂದು ಹೂವಿಡುತ್ತಿದ್ದರು. "ಅಷ್ಟ್ ದೂರದಿಂದ ಬಂದು ಮಂಡಿಯೂರಿ ಕೈ ಹಾಕ್ತಾರಲ್ಲ, ಅವ್ರ ದ್ಯಾವ್ರೇ ಇರ್ಬೇಕು ಅಂದ್ಕಂಡೆ ಕಣಪ್ಪ. ನಮ್ ಹೊಲ್ದಾಗೆ ಕುಂತದೆ, ಬರೀ ಹಣೇಲಿ ಬುಡಕಾಯ್ತದಾ?" ಎಂದು ನನ್ನನ್ನೇ ಕೇಳಿದ್ದರು. ನಾನು ನಕ್ಕು ಹೊರಟುಬಂದೆ. ಆವತ್ತೇ ಡಬ್ಬಿಯನ್ನು ಒರೆಸಿ, ಇದು ಆಟವಮ್ಮ ಎಂದು ಬಿಡಿಸಿ ಹೇಳಿದ್ದರೆ ಈ ಪತ್ರ ಬೇಕಿರಲಿಲ್ಲ.

ತಮ್ಮ ಸರ್ವೆಯವರು ಚಪ್ಪಡಿ ಎತ್ತಿದರು. ಕುಂಕುಮ ಮೆತ್ತಿದ ಡಬ್ಬಿ, ಒಳಗೆ ಮಣಿಸರ, ಪ್ಲಾಸ್ಟಿಕ್ ಹಲ್ಲಿ, ಯಾವುದೋ ಬೀಗದ ಕೈ, ಇಪ್ಪತ್ತು ಮೂವತ್ತು ಹೆಸರು ಬರೆದ ಪುಸ್ತಕ, ಎಲ್ಲಕ್ಕಿಂತ ಮೇಲೆ ಒಂದು ಗೊಂಬೆ. ಮಾಟ ಎಂದು ಕೂಗಿ ಅಳತೆಯ ಸರಪಳಿ ಬಿಸಾಡಿ ಓಡಿದರು. ಎಂಟು ದಿನ ಅಳತೆ ನಿಂತಿತು. ಅವರು ಹೆದರಿದ್ದನ್ನು ನಾನು ತಪ್ಪೆನ್ನುವುದಿಲ್ಲ. ನಾನೂ ಇದೇ ಸೀಮೆಯವನು, ಅವರ ಜಾಗದಲ್ಲಿದ್ದರೆ ಬಹುಶಃ ಅವರಿಗಿಂತ ಮುಂದೆ ಓಡುತ್ತಿದ್ದೆ. ಆದರೆ ಪುಸ್ತಕದ ಮೊದಲ ಪುಟದಲ್ಲಿ 'ಇದು ಒಂದು ಆಟ, ಗಾಬರಿ ಬೇಡ' ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ನನ್ನ ಫೋನ್ ನಂಬರ್ ಕೊಟ್ಟಿದ್ದೆ. ಓಡಿದವರು ಓದದಿರುವುದು ಸಹಜ. ಮರುದಿನ ಡಬ್ಬಿಯನ್ನು ಕಚೇರಿಗೆ ತರಿಸಿ, ಕುರ್ಚಿಯಲ್ಲಿ ಕೂತು ಮಹಜರು ಬರೆಸಿ, ಬೀರುವಿಗೆ ಹಾಕಿಸಿದ ತಾವು ಯಾಕೆ ಓದಲಿಲ್ಲ?

ಓದುವ ಬದಲು ತಾವು ಕೆಂಪಯ್ಯನವರನ್ನು ಕರೆಸಿ, ಜಮೀನು ಹೋಗದಿರಲೆಂದು ಮಾಟ ಮಾಡಿಸಿದ್ದೀಯಾ ಎಂದು ವಿಚಾರಿಸಿದಿರಿ. ಅವರ ಉತ್ತರ ಕಡತದಲ್ಲಿ ಇರಲಿಕ್ಕಿಲ್ಲ, ಆದ್ದರಿಂದ ಇಲ್ಲಿ ದಾಖಲಿಸುತ್ತೇನೆ: "ಸಾರ್, ನಂಗೆ ಮಾಟ ಮಾಡಕೆ ಬಂದಿದ್ರೆ ಮೊದ್ಲು ಕೆರೆ ನೊರೆ ನಿಲ್ಲುಸ್ತಿದ್ದೆ. ಆಮ್ಯಾಕೆ ನಿಮ್ ತಾವ ಬತ್ತಿದ್ದೆ."

ನನ್ನ ಮೊದಲ ಅರ್ಜಿಗೆ ತಮ್ಮ ಕಚೇರಿ ಕೊಟ್ಟ ಹಿಂಬರಹ ನನ್ನ ಮುಂದಿದೆ. 'ಸದರಿ ವಸ್ತುವಿನ ಮಾಲೀಕತ್ವದ ಬಗ್ಗೆ ಸೂಕ್ತ ದಾಖಲೆ ಹಾಜರುಪಡಿಸತಕ್ಕದ್ದು' ಎಂದಿದೆ. ಹಾಜರುಪಡಿಸಿದೆ. ಇಂಟರ್ನೆಟ್ಟಿನ ಪುಟಗಳನ್ನು ಮುದ್ರಿಸಿ, ಇಪ್ಪತ್ತಮೂರು ನಿಲುಗಡೆಗಳನ್ನೂ ತೋರಿಸಿ, ಬಿಲ್ಲೆಯ ಸಂಖ್ಯೆಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟೆ. (ಸಂಖ್ಯೆಯನ್ನು ಬಹಿರಂಗ ಮಾಡುವುದು ಈ ಆಟದಲ್ಲಿ ಸಭ್ಯತೆಯಲ್ಲ, ಆದ್ದರಿಂದ ಇಲ್ಲಿಯೂ ಬರೆಯುತ್ತಿಲ್ಲ.) ಬೀರು ತೆಗೆದು ಹೋಲಿಸಿ ನೋಡಿದರೆ ಎರಡು ನಿಮಿಷದ ಕೆಲಸ. ಆದರೆ ಬೀರು ತೆಗೆಯಬೇಕಲ್ಲ! ತಮ್ಮ ಜವಾನ ದೊಡ್ಡಹನುಮಯ್ಯನವರನ್ನು ಕೇಳಿದೆ.

"ಬೀಗದ ಕೈ ನನ್ ತಾವೇ ಐತೆ ಸ್ವಾಮಿ, ಸುಳ್ಯಾಕೇಳ್ಲಿ. ತಗ್ಯಕೆ ಮಾತ್ರ ಆಗಕಿಲ್ಲ. ನಂಗೆ ಇಬ್ರು ಹೆಣ್ಮಕ್ಳವ್ರೆ."

"ಒಳಗಿರೋದು ಮಕ್ಕಳಾಟದ ಗೊಂಬೆ ಕಣಯ್ಯ."

"ನಿಮ್ಗೆ ಆಟ. ಹಂಗಾರೆ ನೀವೇ ತಗೀರಿ."

"ಸರಿ, ಬೀಗದ ಕೈ ಕೊಡು."

"ಅದೆಂಗಾಯ್ತದೆ? ಸರ್ಕಾರಿ ಬೀರು!"

ಅವರ ಮೇಲೆ ನನಗೆ ಸಿಟ್ಟಿಲ್ಲ. ಹೆದರಿದ್ದೇನೆಂದು ಒಪ್ಪಿಕೊಂಡ ಒಬ್ಬ ಮನುಷ್ಯ ಅಲ್ಲಿದ್ದರೆ ಅವರೇ. ತಾವು ಹೇಳಿದ್ದು ಬೇರೆ. "ನೋಡ್ರೀ ಅನಂತರಾಜು, ನಾನು ಎಂ.ಎಸ್ಸಿ. ಮಾಡ್ದೋನು. ಇದ್ರಲ್ಲೆಲ್ಲ ನಂಗೆ ನಂಬಿಕೆ ಇಲ್ಲ. ಸ್ಟಾಫ್ ಸೆಂಟಿಮೆಂಟು ನೋಡ್ಬೇಕಾಗುತ್ತೆ" ಎಂದಿರಿ. ಆ ಮಾತು ಆಡುವ ಹೊತ್ತಿಗೆ ತಮ್ಮ ಮೇಜು, ಕುರ್ಚಿ, ಫ್ಯಾನು ಎರಡನೇ ಕೋಣೆಯಿಂದ ಮೂರನೇ ಕೋಣೆಗೆ ಹೋಗಿಯಾಗಿತ್ತು. ಎರಡನೇ ಕೋಣೆಯಲ್ಲಿ ಈಗ ಬೀರು ಒಂದೇ ಇದೆ. ವಿಜ್ಞಾನದ ಸ್ನಾತಕೋತ್ತರ ಪದವಿ ಗೋಡೆಯಾಚೆ ಕೂತಿದೆ. ರೈತರ ಹೊಲಗಳನ್ನು ಒಂದು ಸಹಿಯಿಂದ ತೆಗೆದುಕೊಳ್ಳಬಲ್ಲ ಕೈಗೆ ಬೀರುವಿನ ಹಿಡಿಕೆ ತಿರುಗಿಸಲು ಬಾರದೆ? ನಂಬಿಕೆಯಿಲ್ಲದಿದ್ದರೆ ತೆಗೆಯಿರಿ. ನಂಬಿಕೆಯಿದ್ದರೆ ಹಾಗೆಂದು ಹಿಂಬರಹ ಕೊಡಿ; ನಾನದಕ್ಕೆ ಗಾಜಿನ ಕಟ್ಟು ಹಾಕಿಸಿ ಮನೆಯ ಗೋಡೆಗೆ ನೇತುಹಾಕುತ್ತೇನೆ. ಕೆಂಪಯ್ಯನವರ ಹೊಲಕ್ಕೆ ಬೇಲಿ ಬಿತ್ತು, ಬದು ಹೋಯಿತು, ಚಪ್ಪಡಿ ಹೋಯಿತು. ಅಷ್ಟು ವೇಗವಾಗಿ ನಡೆಯುವ ಕಚೇರಿಯಲ್ಲಿ ನಡೆಯದೆ ಉಳಿದದ್ದು ಈ ಒಂದು ಗೊಂಬೆ.

ಒಂದು ಆಟಿಕೆಗೆ ಇಷ್ಟೇಕೆ ಎಂದು ಓದುಗರು ಕೇಳಬಹುದು. ನಾನು ಇನ್ನೂ ಹತ್ತು ವರ್ಷ ಕಾಯಬಲ್ಲೆ. ಕಾಯಲಾರದ್ದು ಅಸ್ಗರ್ ಸಾಹೇಬರ ಕಣ್ಣು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿದೆ. ಕಳೆದ ಮಾರ್ಚಿನಲ್ಲಿ ಅವರಿಗೆ ನಾಲ್ಕು ಬಣ್ಣವೂ ಕಾಣುತ್ತಿತ್ತು. ದಸರಾ ಹೊತ್ತಿಗೆ ಟ್ರಂಕಿನ ಗೊಂಬೆಯನ್ನು ಕೈಯಲ್ಲಿ ಹಿಡಿದು, "ರಾಜಣ್ಣ, ಹಸ್ರು ಯಾವ್ದು ನೀಲಿ ಯಾವ್ದು, ಒಸಿ ತೋರ್ಸಿ" ಎಂದರು. ನಾನು ತೋರಿಸಿದೆ. "ಕೆಂಪು ಇನ್ನೂ ಮೋಸ ಮಾಡಿಲ್ಲ ಬುಡಿ" ಎಂದು ತಾವೇ ನಕ್ಕರು. ಸಂಕ್ರಾಂತಿಯ ನಂತರ ಹಳದಿಯೂ ಬಿಳಿಚಿಕೊಂಡಿದೆ. ಚಿಕಿತ್ಸೆಯಿಂದ ಇದು ನಿಧಾನವಾದೀತು, ಹೋದದ್ದು ಬರುವುದಿಲ್ಲ ಎಂದು ಮೈಸೂರಿನ ವೈದ್ಯರು ಹೇಳಿದ್ದಾರೆ.

ಮಗಳು ನೋಡಿದರೆ ಸಾಲದೇ ಎಂದು ತಾವು ಕೇಳಿದ್ದಿರಿ. ಸಾಲದು. ಅಸ್ರಾ ಈಗ ಆರು ಹೆಂಗಸರನ್ನು ಕೂಡಿಸಿಕೊಂಡು ಗಿಡದ ಬಣ್ಣದಲ್ಲೇ ಕೆಲಸ ಶುರು ಮಾಡಿದ್ದಾಳೆ. ಬಣ್ಣ ಇಳಿದಿದೆ ಎಂದು ಅವಳು ಹೇಳಬಲ್ಲಳು. ಯಾಕೆ ಇಳಿಯಿತು, ಪಾಕದಲ್ಲಿ ಯಾವುದು ಹೆಚ್ಚಾಯಿತು, ಅರಗನ್ನು ಎಲ್ಲಿ ಹೆಚ್ಚು ಕಾಯಿಸಿದ್ದಾಯಿತು ಎಂದು ಹೇಳಬಲ್ಲವರು ಅದನ್ನು ಮಾಡಿದವರೊಬ್ಬರೇ. ಸಾಹೇಬರು ಎಂದೂ ತೂಕ ಹಾಕಿದವರಲ್ಲ, ಬರೆದಿಟ್ಟವರಲ್ಲ. ಕಣ್ಣಲ್ಲಿ ನೋಡಿಯೇ ಎಲ್ಲ. ದಾರಿಯಲ್ಲಿ ಯಾರೋ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದ ಗೊಂಬೆಯ ಫೋಟೋ ಮುದ್ರಿಸಿ ತೋರಿಸಿದೆವು. "ಇದು ಕಾಗ್ದದ ಬಣ್ಣ ಕಣಮ್ಮ, ನನ್ ಬಣ್ಣ ಅಲ್ಲ" ಎಂದು ಮಗಳಿಗೆ ವಾಪಸು ಕೊಟ್ಟರು. ಎರಡು ಗೊಂಬೆಗಳನ್ನು ಪಕ್ಕಪಕ್ಕ ಹಿಡಿದು ಅವರು ಆಡುವ ನಾಲ್ಕು ಮಾತಿಗಾಗಿ ಅಸ್ರಾ ನೋಟುಪುಸ್ತಕ ತೆಗೆದಿಟ್ಟು ಹನ್ನೊಂದು ತಿಂಗಳಾಯಿತು. ಹಸಿರು, ನೀಲಿಯ ಎರಡು ಮಾತು ಆಗಲೇ ಹೋದವು. ಅವು ತಮ್ಮ ಬೀರುವಿನಲ್ಲಿ ಹೋದವು. ಇದಕ್ಕೆ ಯಾವ ಹಿಂಬರಹ ಕೊಡುತ್ತೀರಿ?

ವಸ್ತು ಬಹುಕಾಲ ಚಲಿಸದೆ ನಿಂತರೆ, ಕೇಳುವಷ್ಟು ಕೇಳಿ ಕಾಯುವಷ್ಟು ಕಾದ ಮೇಲೆ, 'ಕಳೆದುಹೋಗಿದೆ' ಎಂದು ಗುರುತು ಹಾಕಿ ಕೈಬಿಡುವುದು ಈ ಆಟದ ಕೊನೆಯ ಸಭ್ಯತೆ. ಗುರುತು ಹಾಕಲು ಎರಡು ಸಲ ಕೂತೆ. ಆಗಲಿಲ್ಲ. ಅದು ಕಳೆದುಹೋಗಿಲ್ಲ. ಎಲ್ಲಿದೆಯೆಂದು ನನಗೆ ಗೊತ್ತು, ತಮಗೂ ಗೊತ್ತು. ಗೊತ್ತಿರುವ ಸುಳ್ಳನ್ನು ಬರೆಯುವ ಅಭ್ಯಾಸ ನನ್ನ ಇಲಾಖೆಯಲ್ಲಿ ಇರಲಿಲ್ಲ.

ನನ್ನ ಬೇಡಿಕೆಯನ್ನು ಇಲ್ಲಿ ತಿದ್ದುತ್ತಿದ್ದೇನೆ. ಹಿಂದಿನ ನಾಲ್ಕು ಅರ್ಜಿಗಳಲ್ಲಿ ಗೊಂಬೆಯನ್ನು ವಾಪಸು ಕೊಡಿ ಎಂದು ಕೇಳಿದ್ದೆ. ಆ ಅರ್ಜಿಗಳನ್ನು ಹಿಂತೆಗೆದುಕೊಂಡಿದ್ದೇನೆ. ಗೊಂಬೆ ತಮಗೇ ಇರಲಿ. ಡಬ್ಬಿ, ಹಲ್ಲಿ, ಮಣಿಸರ ಎಲ್ಲವೂ ಇರಲಿ. ಮಾಲೀಕತ್ವದ ದಾಖಲೆ ಸಿಗುವವರೆಗೆ ಸರ್ಕಾರದ ಸ್ವತ್ತಾಗಿಯೇ ಉಳಿಯಲಿ. ಬರುವ ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಅಸ್ಗರ್ ಸಾಹೇಬರನ್ನು ತಮ್ಮ ಕಚೇರಿಗೆ ಕರೆತರುತ್ತೇನೆ. ಟ್ರಂಕಿನ ಗೊಂಬೆಯೂ, ಅಸ್ರಾಳೂ ಜೊತೆಗಿರುತ್ತಾರೆ. ಆ ಹೊತ್ತಿಗೆ ಎರಡನೇ ಕೋಣೆಯ ಕಿಟಕಿಗೆ ಬಿಸಿಲು ಬರುತ್ತದೆ, ನೋಡಿಕೊಂಡು ಬಂದಿದ್ದೇನೆ. ಬೀರು ತೆಗೆದು, ಆ ಗೊಂಬೆಯನ್ನು ಹತ್ತು ನಿಮಿಷ ಅವರ ಕೈಗೆ ಕೊಡಿ. ಅವರಿಗೆ ಕೆಂಪು ಇನ್ನೂ ಕಾಣುತ್ತದೆ.

ಇಂತಿ,
ತಮ್ಮ ಕಡತದಲ್ಲಿ 'ಸಂಬಂಧವಿಲ್ಲದ ಅರ್ಜಿದಾರ' ಎಂದು ನಮೂದಾಗಿರುವ,
ಅನಂತರಾಜು, ನಿವೃತ್ತ ಪೋಸ್ಟ್ ಮಾಸ್ಟರ್,
ಚನ್ನಪಟ್ಟಣ, ಫೆಬ್ರವರಿ ೨೦೦೯